ಬಿಕ್ಕಳಿಕೆಯ ಔಷಧಿ

ಅಲ್ ಕೂಜ್, ದುಬೈ
ಮಂಗಳವಾರ, ೧೨ ನವೆಂಬರ್ ೨೦೨೪

ಯಶ್ಮಿತಾ ಅವರಿಗೆ ತುಕ್ರನ ನಮಸ್ಕಾರ.

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ. ಅದಕ್ಕಿಂತ ದೊಡ್ಡ ತಪ್ಪಿಗೂ ಕ್ಷಮೆ ಕೇಳಬೇಕಾಗಿದೆ.

ನಾನು ನಿಮ್ಮ ಹಾಡಿನ ಹಾಲ್ ಗುಡಿಸುವವನು. ಒಂದು ವರ್ಷದಿಂದ ನಿಮ್ಮ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಶನಿವಾರ ಮೊದಲ ಸಲ ಬಾಯಿಬಿಟ್ಟೆ. ಅದೂ ನಿಮಗೆ ಹಾಡು ಕಲಿಸುವ ಲೂರ್ದ್ ಮೇಡಂ ಎದುರಿಗೇ: "ಮೇಡಮ್‌ನ ಚಿನ್ನದ ಸರ ಕದ್ದದ್ದು ನೀವಲ್ವಾ?"

ದೇವರಾಣೆ, ಅದು ಔಷಧಿ. ನೀವು ಒಂದು "ಆ" ಎಂದು ನಿಲ್ಲಿಸುತ್ತಿದ್ದಿರಿ, ಮೇಡಂ ಒಂದು "ಆ", ಮತ್ತೆ ನೀವು. ಇಬ್ಬರಿಗೂ ಒಟ್ಟಿಗೆ ಬಿಕ್ಕಳಿಕೆ ಹತ್ತಿದೆ ಎಂದುಕೊಂಡೆ. ನಮ್ಮ ಊರಲ್ಲಿ ಬಿಕ್ಕಳಿಸುವವರ ಮೇಲೆ ಕಳ್ಳತನ ಹೊರಿಸಿದರೆ ಗಾಬರಿಗೆ ನಿಂತುಹೋಗುತ್ತದೆ. ಬಿಕ್ಕಳಿಕೆ ನಿಂತಿತು, ಹಾಡೂ ನಿಂತಿತು. ಸರ ಮೇಡಂ ಕುತ್ತಿಗೆಯಲ್ಲೇ ಇತ್ತು. ಆದರೂ ವಾಚ್‌ಮನ್ ಹಿಶಾಮ್ ಓಡಿಬಂದು ಬಾಗಿಲು ಹಾಕಿ ನಿಮ್ಮ ಬ್ಯಾಗು ಕೇಳಿದ. ನೀವು ಅದನ್ನು ಅವನ ಕಾಲಬುಡಕ್ಕೆ ಸುರಿದು, "ಕರಾಮದಿಂದ ಎರಡು ಬಸ್ ಹಿಡಿದು ಬರುವುದು ಕಳ್ಳಿ ಅನ್ನಿಸಿಕೊಳ್ಳಲಿಕ್ಕಾ? ಖಲಾಸ್, ಇನ್ನು ಬರುವುದಿಲ್ಲ" ಎಂದು ಹೊರಟಿರಿ. ಅದು ಔಷಧಿ ಎಂದು ಹೇಳಲು ನಾನು ಬಾಗಿಲಿಗೆ ಬರುವಷ್ಟರಲ್ಲಿ ನೀವು ಹೋಗಿಯಾಗಿತ್ತು.

ಆಮೇಲೆ ಮೇಡಂ ನನ್ನನ್ನು ಕೂರಿಸಿ ವಿವರಿಸಿದರು. ಏಳೆಂಟು ನೂರು ವರ್ಷ ಹಿಂದೆ ಫ್ರಾನ್ಸಿನ ಕವಿಗಳು ತಾವೇ ಪದ ಕಟ್ಟಿ ತಾವೇ ರಾಗ ಹಾಕುತ್ತಿದ್ದರಂತೆ. ಒಂದೇ ಹಾಡಿನಲ್ಲಿ ಇಬ್ಬರು ಮೂವರು ಬೇರೆ ಬೇರೆ ದಾರಿ ಹಿಡಿಯುವುದು ಆಗ ಬೆಳೆಯಿತಂತೆ. ಹಾಡಿನ ಕೆಲವು ಕಡೆ ಒಬ್ಬರು ಸುಮ್ಮನಾದಾಗ ಮಾತ್ರ ಇನ್ನೊಬ್ಬರ ಸ್ವರ. ನೀವಿಬ್ಬರು ಹಾಡುತ್ತಿದ್ದದ್ದೂ ಅದನ್ನೇ, ಅದಕ್ಕೆ ಅವರ ಭಾಷೆಯಲ್ಲಿ ಬಿಕ್ಕಳಿಕೆ ಎಂದೇ ಹೆಸರಂತೆ. ಹಾಗಾದರೆ ನನ್ನದು ಅರ್ಧ ಸರಿ ಎಂದೆ. "ಉಳಿದರ್ಧ ತಪ್ಪು, ಅದನ್ನು ಅವಳಿಗೆ ಬರೆದು ಕೊಡು ಮಾರಾಯ" ಎಂದರು.

ನಿನ್ನೆ ಅವರೊಬ್ಬರೇ ಹಾಡಿದರು. ನಿಮ್ಮ ಸ್ವರದ ಜಾಗದಲ್ಲೆಲ್ಲ ಏಸಿಯ ಸದ್ದು. ಹಲ್ಲಿಲ್ಲದವರು ಕಡಲೆ ತಿಂದ ಹಾಗಿತ್ತು. ಶುಕ್ರವಾರ ಅಬುಧಾಬಿಯಲ್ಲಿ ಜನರ ಮುಂದೆ ಹಾಡಬೇಕಲ್ಲ, ನೀವು ಬಾರದಿದ್ದರೆ ಆ ಹಾಡನ್ನೇ ಬಿಡುತ್ತಾರಂತೆ. ದಯವಿಟ್ಟು ಬನ್ನಿ. ಹಿಶಾಮನಿಗೂ ಉಳಿದವರಿಗೂ ಸತ್ಯ ಹೇಳಿದ್ದೇನೆ. ನನ್ನ ಮುಖ ನೋಡುವುದು ಬೇಡವೆಂದರೆ ಅಭ್ಯಾಸದ ಹೊತ್ತಿಗೆ ಹೊರಗಿನ ಮೆಟ್ಟಿಲು ಗುಡಿಸುತ್ತೇನೆ. ನನಗೆ ಹಾಡು ಕೇಳಲೇಬೇಕೆಂದೇನೂ ಇಲ್ಲ.

ಇತಿ, ತಪ್ಪು ಒಪ್ಪಿಕೊಂಡ
ತುಕ್ರ

ಮರೆತ ಮಾತು: ನೀವು ಹಾಡಿನ ಹಾಳೆ ಇಡುವ ಸ್ಟ್ಯಾಂಡನ್ನು ಯಾರೋ ಎತ್ತರಿಸಿಟ್ಟಿದ್ದರು. ಇವತ್ತು ಬೆಳಿಗ್ಗೆ ಮತ್ತೆ ನಿಮ್ಮ ಎತ್ತರಕ್ಕೆ ಇಳಿಸಿದೆ. ಎಷ್ಟೆಂದು ಯಾರನ್ನೂ ಕೇಳಬೇಕಾಗಲಿಲ್ಲ.