ಕ್ಲೋವರ್‌ಳನ್ನು ಇಳಿಸಿಕೊ

ಲಫ್ಕಿನ್, ಟೆಕ್ಸಸ್
ಬುಧವಾರ

ಜೋಲೀನ್,

ನಿನ್ನ ಜೊತೆ ಮಾತಾಡಕೂಡದು ಅಂತ ನನ್ನ ವಕೀಲರು ಹೇಳಿದ್ದಾರೆ. ಆದರೂ ಬರೆಯುತ್ತಿದ್ದೇನೆ.

ನಿನ್ನ ಸಂಸ್ಥೆ ಬಿಡಿಸಿ ತಂದ ನಾಯಿಗಳನ್ನು ನನ್ನ ಆಶ್ರಯದಲ್ಲಿ ಇಟ್ಟು ಸಾಕಿದ ಖರ್ಚು ನೀನು ಕೊಡಲಿಲ್ಲ. ಕೋರ್ಟಿಗೆ ಹೋದೆ, ಗೆದ್ದೆ. ಬಾಕಿಗೆ ಬದಲು ನಾಯಿಗಳನ್ನೇ ಶುಕ್ರವಾರ ಹರಾಜು ಹಾಕಲು ಆಜ್ಞೆಯಾಗಿದೆ. ಒಳ್ಳೆಯ ಮನೆಯವರೇ ಕೊಳ್ಳುತ್ತಾರೆ ಅಂದುಕೊಂಡಿದ್ದೆ.

ನಿನ್ನೆ ಒಬ್ಬ ನೋಡಲು ಬಂದ. ನಾಯಿಗಳ ಸಾಲಿನಲ್ಲಿ ಕ್ಲೋವರ್ ಮುಂದೆ ನಿಂತು, "ಇವಳಿಗೆ ಸಿಟ್ಟು ಬರುತ್ತಾ?" ಅಂದ.

"ಎಲ್ಲಿಂದ ಬಂತು? ಗುಡುಗಿದ್ರೆ ಮಂಚದ ಕೆಳಗೆ ಸೇರ್ಕೊಳ್ತಾಳೆ" ಅಂದೆ.

"ಬರಿಸಿದ್ರೆ ಬರುತ್ತೆ ಬಿಡಮ್ಮ" ಅಂತ ನಕ್ಕವನು, "ಬಾರೇ, ಡಚೆಸ್" ಅಂತ ಕರೆದ.

ಕ್ಲೋವರ್ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಆಮೇಲೆ ಹೊಟ್ಟೆ ನೆಲಕ್ಕೆ ಹಚ್ಚಿ ಅವನ ಕಾಲ ಬಳಿಗೆ ತೆವಳಿದಳು. ನಾಯಿಕಾಳಗದವರ ಕೈಯಿಂದ ನೀನು ಬಿಡಿಸುವ ಮೊದಲು ಅವಳ ಹೆಸರೇನಿತ್ತೋ ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಶುಕ್ರವಾರ ಬರ್ತೀನಿ ಅಂದು ಹೋದ. ಆಗಿನಿಂದ ಗೇಟಿನಾಚೆ ಯಾವ ಗಾಡಿ ನಿಂತರೂ ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತೇನೆ. ವಕೀಲರನ್ನು ಕೇಳಿದರೆ, "ಹರಾಜು ಈಗ ಕೋರ್ಟಿನ ಕೈಯಲ್ಲಿದೆ. ಒಂದು ನಾಯಿ ಕಮ್ಮಿಯಾದ್ರೂ ಜೈಲಿಗೆ ಹೋಗೋದು ನೀವೇ" ಅಂದರು.

ಈ ಪತ್ರ ತಂದವನು ನನ್ನ ತಮ್ಮ ಡ್ವೇನ್. ಕ್ಲೋವರ್ ಅವನ ಗಾಡಿಯಲ್ಲಿದ್ದಾಳೆ, ಇಳಿಸಿಕೊ. ಅವಳ ಮಾತ್ರೆಯನ್ನೂ ಕಳಿಸಿದ್ದೇನೆ; ಕಡಲೆಕಾಯಿ ಬೆಣ್ಣೆಯಲ್ಲಿ ಅಡಗಿಸಿ ಕೊಡು, ಇಲ್ಲದಿದ್ದರೆ ಉಗುಳುತ್ತಾಳೆ. ಅವಳನ್ನು ಎಲ್ಲಾದರೂ ದೂರದ ಊರಿಗೆ ಸೇರಿಸು. ಎಲ್ಲಿಗೆ ಅಂತ ನನಗೆ ಮಾತ್ರ ಹೇಳಬೇಡ. ನ್ಯಾಯಾಧೀಶರು ಕೇಳಿದರೆ ಸುಳ್ಳು ಹೇಳಲು ನನಗೆ ಬರುವುದಿಲ್ಲ.

ವರ್ನಾ