ಕೊಳೆ ಕಡೆ, ಸೆಕೆಂಡ್ ಶಿಫ್ಟು

ಜುಲೈ 9, ಬುಧವಾರ

ಮತ್ತೆ ಅದೇ ಬೆಂಚು. ಮತ್ತೆ ಮಂಡಿ ಗದ್ದಕ್ಕೆ.

ವಿಶ್ವವಿದ್ಯಾಲಯದ ವಿಸ್ತರಣಾ ಕೇಂದ್ರ — ಹೆಸರು ಬಾಯಿ ತುಂಬ. ಒಳಗೆ ಹೋದರೆ ಎರಡನೇ ತರಗತಿ, ಬಿ ವಿಭಾಗ. ಹಗಲು ಮಕ್ಕಳ ಶಾಲೆ, ಸಂಜೆ ಆರರಿಂದ ಎಂಟು ನಾವು. ಗೋಡೆ ಮೇಲೆ ಆನೆ, ಅಳಿಲು, ಐದರ ಮಗ್ಗಿ. ಅದರ ಕೆಳಗೆ ಘನ ವಿದ್ಯಾರ್ಥಿವೃಂದ: ಬ್ಯಾಂಕಿನ ಕಾವಲುಗಾರ, ಇಬ್ಬರು ನರ್ಸುಗಳು, ಲಿಫ್ಟ್ ರಿಪೇರಿಯವನು, ಇನ್ನಷ್ಟು ಜನ, ನಾನು. ‘ಉದ್ಯೋಗಸ್ಥರಿಗಾಗಿ ನಿರ್ವಹಣಾ ಡಿಪ್ಲೊಮಾ.’ ಮೊದಲು ನಿರ್ವಹಿಸಬೇಕಾದದ್ದು ಸ್ವಂತ ಕಾಲುಗಳನ್ನು.

ಬೆಂಚಿನಲ್ಲಿ ನನ್ನ ಪಕ್ಕ ಯಾರು? ಸಾಕ್ಷಾತ್ ಇಸ್ತ್ರಿ ಸಾಹೇಬರು. ಆಸ್ಪತ್ರೆ ಲಾಂಡ್ರಿಯಲ್ಲಿ ನನ್ನ ಸೂಪರ್‌ವೈಸರ್. ಅವನ ಅಂಗಿಯಲ್ಲಿ ಸುಕ್ಕು ಕಂಡವರಿಲ್ಲ, ಅದಕ್ಕೇ ಆ ಹೆಸರು. ನನಗಿಂತ ಏಳೆಂಟು ವರ್ಷ ಚಿಕ್ಕವನು. ಬಾಯಲ್ಲಿ ‘ಅಕ್ಕಾ’. ಅಕ್ಕಾ ಅಂದನೋ, ಏನೋ ಕಾದಿದೆ ಎಂದೇ ಅರ್ಥ.

ಸೋಮವಾರ ಮೊದಲ ಕ್ಲಾಸಿಗೆ ಅರ್ಧ ಗಂಟೆ ತಡವಾಗಿ ಬಂದ. ಖಾಲಿ ಇದ್ದದ್ದು ನನ್ನ ಪಕ್ಕ ಮಾತ್ರ. ಹಾಗಾಗಿ ಮೇಡಂ ಹೇಳಿದ ಮುಖ್ಯ ನಿಯಮ ಅವನ ಕಿವಿಗೆ ಬಿದ್ದೇ ಇಲ್ಲ. ನಿಯಮ ಇಷ್ಟು: ಒಂದು ಬೆಂಚು ಅಂದರೆ ಒಂದು ಜೋಡಿ. ಇಬ್ಬರಿಗೂ ಸೇರಿ ಒಂದೇ ಪ್ರಾಜೆಕ್ಟು, ಒಂದೇ ವೈವಾ. ವೈವಾದಲ್ಲಿ ಇವರು ಬರೆದ ಭಾಗದ ಪ್ರಶ್ನೆ ಅವರಿಗೆ, ಅವರದ್ದು ಇವರಿಗೆ. ಒಬ್ಬರ ಹಾಜರಿ ಕಡಿಮೆಯಾದರೆ ಇಬ್ಬರೂ ಹೊರಗೆ. ಒಬ್ಬರು ದುಡಿದು ಇನ್ನೊಬ್ಬರು ಮಾರ್ಕ್ಸ್ ಹೊಡೆಯುವುದನ್ನು ಮೇಡಂ ಬೇಕಾದಷ್ಟು ನೋಡಿದ್ದಾರಂತೆ.

ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಮಹಾಶಯ ಕರವಸ್ತ್ರ ತೆಗೆದು ಬೆಂಚು ಒರೆಸಿದ. ತನ್ನ ಕಡೆಯದ್ದನ್ನಲ್ಲ... ನನಗೂ ಅವನಿಗೂ ನಡುವೆ ಇರುವ ಜಾಗವನ್ನು. ಒರೆಸಿ, ಆ ಕರವಸ್ತ್ರವನ್ನು ಅಲ್ಲೇ ಗಡಿಯ ಹಾಗೆ ಹಾಸಿದ.

ಹೇಳಲಿಲ್ಲ.

ಇವತ್ತು ಕ್ಲಾಸು ಬಿಟ್ಟಾಗ ಏಳಲು ಹೋದ. ಬೆಂಚು ಬಿಡಲಿಲ್ಲ. ತೊಡೆ ಎರಡೂ ಡೆಸ್ಕಿನ ಕೆಳಗೆ ಸಿಕ್ಕಿಕೊಂಡು, ಎದ್ದರೆ ಡೆಸ್ಕೂ ಜೊತೆಗೆ ಏಳುತ್ತದೆ. ಲಿಫ್ಟ್ ರಿಪೇರಿಯವನು, ಕಾವಲುಗಾರ ಸೇರಿ ಎಳೆದು ಬಿಡಿಸಿದರು. ಪ್ಯಾಂಟಿನ ಮಡಿಕೆ ಹೋಯಿತು. ನಾನು ನಕ್ಕೆ. ಎಲ್ಲರೂ ನಕ್ಕರು. ಆದರೆ ಅವನು ನೋಡಿದ್ದು ನನ್ನ ಕಡೆ ಮಾತ್ರ.

ಜುಲೈ 10, ಗುರುವಾರ

ಕೊಳೆ ಕಡೆಯವರಿಗೆ ಬೆಂಚಿನ ಕಥೆ ಹೇಳಿದೆ. ಅಭಿನಯ ಸಮೇತ. ಊಟದ ಹೊತ್ತಿಗೆ ಶುಭ್ರ ಕಡೆಯಿಂದಲೂ ನಗು ಕೇಳಿಸಿತು.

ನಮ್ಮ ಲಾಂಡ್ರಿಗೆ ಎರಡು ಕಡೆ, ನಡುವೆ ಗೋಡೆ. ಗೋಡೆಯೊಳಗೇ ಕೂರಿಸಿದ ದೊಡ್ಡ ಮಷಿನುಗಳು. ಒಂದೊಂದಕ್ಕೂ ಎರಡು ಬಾಗಿಲು. ಈ ಕಡೆಯಿಂದ ರಕ್ತ, ವಾಂತಿ ಮೆತ್ತಿದ ಬೆಡ್‌ಶೀಟು ಒಳಗೆ. ಆ ಕಡೆಯಿಂದ ಮಲ್ಲಿಗೆ ಬಿಳುಪಾಗಿ ಹೊರಗೆ. ಬಟ್ಟೆ ಒಂದು ಗಂಟೆಯೊಳಗೆ ಗೋಡೆ ದಾಟುತ್ತದೆ. ಈ ಕಡೆಯ ಮನುಷ್ಯರು ದಾಟುವ ಹಾಗಿಲ್ಲ — ಸೋಂಕು. ಸರಿ, ಒಪ್ಪಿದೆ. ಆದರೆ ಹತ್ತೊಂಬತ್ತು ವರ್ಷದಿಂದ ನಾನೂ ಸೋಂಕೇ?

ಡಿಪ್ಲೊಮಾ ಕೈಗೆ ಬಂದರೆ ಆ ಕಡೆಯ ಸ್ಟೋರ್ ಇನ್‌ಚಾರ್ಜ್ ಕೆಲಸಕ್ಕೆ ಅರ್ಜಿ ಹಾಕಬಹುದು. ಕಿಟಕಿ ಇರುವ ಕೋಣೆ. ಕುರ್ಚಿ. ಮೂಗಿಗೆ ಸಾಬೂನಿನ ವಾಸನೆ ಬಿಟ್ಟು ಬೇರೇನೂ ಇಲ್ಲ. ಇಸ್ತ್ರಿಗೂ ಇದೇ ಡಿಪ್ಲೊಮಾ ಬೇಕು, ಇಲ್ಲದಿದ್ದರೆ ಸೂಪರ್‌ವೈಸರ್ ಹುದ್ದೆ ಖಾಯಂ ಆಗುವುದಿಲ್ಲ.

ಜುಲೈ 14, ಸೋಮವಾರ

ಡ್ಯೂಟಿ ಚಾರ್ಟು ಅಂಟಿಸಿದ್ದಾನೆ. ನನ್ನ ಹೆಸರಿನ ಮುಂದೆ ಸಾಲಾಗಿ ಸೆಕೆಂಡ್ ಶಿಫ್ಟು. ಎರಡರಿಂದ ಹತ್ತು. ಈ ವಾರ ಮಾತ್ರವಲ್ಲ — ‘ಮುಂದಿನ ಆದೇಶದವರೆಗೆ.’ ಕ್ಲಾಸು ಇರುವುದು ಸೋಮ, ಬುಧ, ಶುಕ್ರ, ಆರರಿಂದ ಎಂಟು. ಶುಕ್ರವಾರ ನನ್ನ ವಾರದ ರಜೆ. ಅದನ್ನು ಮಾತ್ರ ಕಿತ್ತುಕೊಳ್ಳಲು ಆಗಲಿಲ್ಲ, ಪಾಪ.

ಹೋಗಿ ಕೇಳಿದೆ. ಇಷ್ಟು ವರ್ಷ ಎಲ್ಲರಿಗೂ ಸರದಿ ಪ್ರಕಾರ ಶಿಫ್ಟು ಬರುತ್ತಿತ್ತು, ಈಗ ನನಗೊಬ್ಬಳಿಗೇ ಯಾಕೆ ಅಂತ. ಫೈಲಿನಿಂದ ತಲೆ ಎತ್ತದೆ ಹೇಳಿದ:

“ಅಕ್ಕಾ, ನಿಮ್ಮಷ್ಟು ಅನುಭವ ಯಾರಿಗಿದೆ ಹೇಳಿ. ಸಂಜೆ ಹೊತ್ತು ಒಬ್ರು ಗಟ್ಟಿಗರು ಬೇಕು. ನಿಮ್ಮನ್ನ ನಂಬ್ಕೊಂಡಿದೀನಿ.”

ಹೊಗಳಿ ಕೊರಳು ಕುಯ್ಯುವುದು ಎಂದರೆ ಇದು. ಐದೂವರೆಗೆ ಅವನು ಬ್ಯಾಗು ಹೆಗಲಿಗೇರಿಸಿ, ಶಿಳ್ಳೆ ಹಾಕುತ್ತ ಕ್ಲಾಸಿಗೆ ಹೊರಟ. ನನ್ನ ಕೈಯಲ್ಲಿ ಹೆರಿಗೆ ವಾರ್ಡಿನ ಮೂಟೆ.

ಜುಲೈ 17, ಗುರುವಾರ, ಬೆಳಿಗ್ಗೆ

ಕೇಂದ್ರದ ಆಫೀಸಿಗೆ ಹೋದೆ. ಹಾಜರಿಯಲ್ಲಿ ರಿಯಾಯಿತಿ ಸಿಗುತ್ತದೆಯೇ ಕೇಳಲು. ಉದ್ಯೋಗಸ್ಥರ ಕೇಂದ್ರ ಅಲ್ಲವೇ — ಆಫೀಸು ತೆರೆದಿರುವುದು ಹತ್ತರಿಂದ ಐದು, ಉದ್ಯೋಗಸ್ಥರೆಲ್ಲ ಉದ್ಯೋಗದಲ್ಲಿರುವ ಹೊತ್ತು. ಅಲ್ಲಿಯ ಗುಮಾಸ್ತರಿಗೆ ನಾವಿಟ್ಟ ಹೆಸರು ಸುತ್ತೋಲೆ. ಟೈಮು ಎಷ್ಟು ಅಂತ ಕೇಳಿದರೂ ಒಂದು ಸುತ್ತೋಲೆ ತೋರಿಸುತ್ತಾರೆ.

ಎಲ್ಲ ಕೇಳಿಸಿಕೊಂಡರು. ಕನ್ನಡಕ ಒರೆಸಿದರು. “ಕೆಲಸ ಇರೋರಿಗೇ ಈ ಕೋರ್ಸಮ್ಮ. ಅಂದ್ಮೇಲೆ ಕೆಲಸ ಇದೆ ಅನ್ನೋದು ಕಾರಣ ಹೇಗಾಗುತ್ತೆ?”

ಸುತ್ತೋಲೆಯ ತಲೆಯನ್ನು ಮ್ಯೂಸಿಯಮ್ಮಿನಲ್ಲಿ ಇಡಬೇಕು.

ಆಗಸ್ಟ್ 22, ಶುಕ್ರವಾರ

ತಿಂಗಳ ಮೇಲಾಯಿತು ಬರೆದು. ಬರೆಯಲು ಏನಿದೆ — ಎರಡರಿಂದ ಹತ್ತು. ಶುಕ್ರವಾರ ಮಾತ್ರ ಬೆಂಚು. ನಡುವಿನ ಪಾಠ ನರ್ಸುಗಳ ನೋಟ್ಸು ನೋಡಿ ಬರೆದುಕೊಳ್ಳುತ್ತಿದ್ದೇನೆ. ಯಜಮಾನರು ಬಸ್ ಡಿಪೋದಿಂದ ಬಂದು ಅನ್ನ ಬಡಿಸಿಕೊಳ್ಳುವುದನ್ನು ಕಲಿತಿದ್ದಾರೆ. ಡಿಪ್ಲೊಮಾ ಕೊಡಬೇಕಾದದ್ದು ಅವರಿಗೆ.

ಇವತ್ತು ಬೋರ್ಡಿನ ಮೇಲೆ ಹಾಜರಿ ಕೊರತೆಯ ನೋಟಿಸು. ಎರಡು ಹೆಸರು, ಒಂದೇ ಗೆರೆಯಲ್ಲಿ, ಗಂಡಹೆಂಡಿರ ಹಾಗೆ ಅಕ್ಕಪಕ್ಕ. ನಾನು. ಇಸ್ತ್ರಿ.

ಮೊದಲು ನಕ್ಕ. ಒಂದು ದಿನವೂ ತಪ್ಪಿಸದ ತನ್ನ ಹೆಸರು ಯಾಕೆ, ಯಾರೋ ತಪ್ಪು ಬರೆದಿದ್ದಾರೆ ಅಂದ. ಮೇಡಂ ನಿಯಮವನ್ನು ಮತ್ತೆ ಹೇಳಿದರು. ಮೊದಲ ದಿನವೇ ಹೇಳಿದ್ದೆನಲ್ಲ ಅಂದರು. ಅವನು ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ಐದರ ಮಗ್ಗಿ ಓದುತ್ತಿದ್ದೆ.

ಬೇರೆ ಜೋಡಿ ಕೊಡಿ ಅಂತ ಬೇಡಿಕೊಂಡ. ಬೆಂಚು ಬೆಂಚೇ ಅಂದರು ಮೇಡಂ. ಭಾನುವಾರ ಬೆಳಿಗ್ಗೆ ತಾನು ಬೇರೆ ಬ್ಯಾಚಿಗೆ ಪಾಠ ಮಾಡುವುದುಂಟು, ಅಲ್ಲಿಗೆ ಬಂದರೆ ಹಾಜರಿ ತುಂಬಿಸಿಕೊಡುವೆ — ಇಬ್ಬರೂ ಬಂದರೆ ಮಾತ್ರ ಅಂದರು.

ಆಗಸ್ಟ್ 25, ಸೋಮವಾರ

ಹೊಸ ಚಾರ್ಟು. ನನಗೆ ಫಸ್ಟ್ ಶಿಫ್ಟು. ಆರರಿಂದ ಎರಡು. ವಾರದ ರಜೆ ಶುಕ್ರವಾರದಿಂದ ಭಾನುವಾರಕ್ಕೆ. ಆಹಾ, ಆಡಳಿತದಲ್ಲಿ ಕರುಣೆ ಎಂಬುದು ಇನ್ನೂ ಉಳಿದಿದೆ.

“ಅಕ್ಕಾ, ಇಷ್ಟು ದಿನ ಕಷ್ಟ ಆಯ್ತಾ? ಒಂದು ಮಾತು ಹೇಳಬಾರದಾ?”

ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು. ಮೂಟೆಗಳ ಕಡೆ ಹೊರಟೆ. ಇನ್ನೊಂದು ವಿಷಯ: ನನ್ನ ಬದಲು ಸೆಕೆಂಡ್ ಶಿಫ್ಟಿಗೆ ಹಾಕಿರುವುದು ನಮ್ಮ ಮೂಟೆ ಬಿಚ್ಚುವ ಹುಡುಗಿಯನ್ನು. ಎಳೆ ಮಗುವಿನ ತಾಯಿ. ನನಗೆ ಮಾಡಿದ ಉಪಕಾರವನ್ನು ಅವಳ ತಲೆಗೆ ಕಟ್ಟಿದ್ದಾನೆ. ಅವಳು ನನ್ನನ್ನು ನೋಡಿ ಮುಖ ತಿರುಗಿಸಿದಳು.

ಅಕ್ಟೋಬರ್ 5, ಭಾನುವಾರ

ಭಾನುವಾರದ ಬೆಂಚು. ಗಡಿಯಾಗಿ ಹಾಸುತ್ತಿದ್ದ ಕರವಸ್ತ್ರ ಈಗ ಕಾಣುತ್ತಿಲ್ಲ. ಬದಲಿಗೆ ಬೆಣ್ಣೆ. ಪೆನ್ನು ಬೇಕಾ ಅಕ್ಕಾ, ನೀರು ಬೇಕಾ ಅಕ್ಕಾ.

ಪ್ರಾಜೆಕ್ಟು ಹಂಚಿಕೊಂಡೆವು. ವಿಷಯ ನಮ್ಮ ಲಾಂಡ್ರಿಯೇ. ‘ಕೊಳೆ ವಿಭಾಗದ ಕೆಲಸದ ವಿಧಾನ’ ನನ್ನದು. ‘ಪಾಳಿಗಳ ನ್ಯಾಯಯುತ ಹಂಚಿಕೆ’ ಅವನದ್ದು. ತಾನೇ ಆರಿಸಿಕೊಂಡ.

ನವೆಂಬರ್ 13, ಗುರುವಾರ

ಅವನ ಭಾಗ ಕೊನೆಗೂ ಕೈಗೆ ಕೊಟ್ಟ. ಶನಿವಾರ ವೈವಾ. ಅವನು ಬರೆದದ್ದರ ಮೇಲೆ ಪ್ರಶ್ನೆ ಬರುವುದು ನನಗೆ.

ಓದಿದೆ. ಒಂದು ಸಾಲನ್ನು ಹಾಗೇ ಇಳಿಸುತ್ತೇನೆ: ‘ಉನ್ನತ ವ್ಯಾಸಂಗ ಮಾಡಬಯಸಿದ ಹಿರಿಯ ಮಹಿಳಾ ಕೆಲಸಗಾರರೊಬ್ಬರಿಗೆ ಆರಂಭದಿಂದಲೂ ಅನುಕೂಲಕರ ಪಾಳಿ ಒದಗಿಸಿ ಪ್ರೋತ್ಸಾಹಿಸಲಾಗಿದೆ.’

ಆರಂಭದಿಂದಲೂ. ಪ್ರೋತ್ಸಾಹಿಸಲಾಗಿದೆ.

ಹಾಳೆ ಹರಿಯಬೇಕು ಅನಿಸಿತು. ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಆಮೇಲೆ ಬಂದು ಮುಂದಿನ ಪುಟ ಓದಿದೆ. ಅಲ್ಲಿ ಶೋಭೆಗೆ ಒಂದು ಸಾಲು: ‘ಮೇಲ್ವಿಚಾರಕರೂ ಸೇರಿದಂತೆ ಪ್ರತಿಯೊಬ್ಬರೂ ಎಲ್ಲ ವಿಭಾಗಗಳಲ್ಲಿ, ಎಲ್ಲ ಪಾಳಿಗಳಲ್ಲಿ ಸರದಿಯಂತೆ ಕರ್ತವ್ಯ ನಿರ್ವಹಿಸುತ್ತಾರೆ.’ ಈತ ಕೊಳೆ ಕಡೆಯ ಬಾಗಿಲಿನ ಬಣ್ಣ ಕಂಡವನಲ್ಲ.

ಯಜಮಾನರಿಗೆ ಓದಿ ಹೇಳಿದೆ. ಅವರದು ಡಿಪೋ ಬುದ್ಧಿ. “ಹೌದು ಅಂದ್ಬಿಡು ಕಣೆ. ಎರಡು ನಿಮಿಷದ ಮಾತು. ಪಾಸಾಗಿ ಆ ಕಡೆ ಹೋಗು. ಆಮೇಲೆ ಅವನ ಮುಖ ಯಾಕೆ ನೋಡ್ತೀಯ?” ತಪ್ಪೇನಿಲ್ಲ ಆ ಮಾತಲ್ಲಿ. ಇಲ್ಲ ಅಂದರೆ ಜೋಡಿಯ ಪ್ರಾಜೆಕ್ಟೇ ಬಿದ್ದುಹೋಗುತ್ತದೆ. ಅವನ ಜೊತೆ ನಾನೂ.

ಅತ್ತೆ ಹಾಸಿಗೆ ಮೇಲಿಂದಲೇ ಕೇಳಿಸಿಕೊಂಡಿದ್ದರು. “ಹೌದು ಅಂದ್ರೆ ಅವನ ಸುಳ್ಳಿಗೆ ನೀನೂ ಇಸ್ತ್ರಿ ಹಾಕಿದ ಹಾಗಲ್ವೇನೇ,” ಅಂದು ಆ ಕಡೆ ಹೊರಳಿ ಮಲಗಿದರು. ಅವರೇನೋ ಮಲಗಿದರು.

ನವೆಂಬರ್ 15, ಶನಿವಾರ

ವೈವಾ ಆಯಿತು.

ಮೇಡಂ ಮಕ್ಕಳ ಟೀಚರ್ ಕುರ್ಚಿಯಲ್ಲಿ, ನಾವಿಬ್ಬರು ಬೆಂಚಿನಲ್ಲಿ. ಮೊದಲು ಅವನ ಸರದಿ. ನನ್ನ ಭಾಗವನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಬಾಯಿಪಾಠ ಮಾಡಿದ್ದ. ‘ನಾವು ಕೊಳೆ ವಿಭಾಗದಲ್ಲಿ ಮೂಟೆ ಬಿಚ್ಚುವಾಗ’ ಅಂದ. ‘ನಾವು ವಾಸನೆಗೆ ಹೊಂದಿಕೊಳ್ಳಬೇಕಾಗುತ್ತದೆ’ ಅಂದ. ದನಿ ಕೂಡ ಸ್ವಲ್ಪ ನಡುಗಿಸಿದ. ನನ್ನ ಹತ್ತೊಂಬತ್ತು ವರ್ಷವನ್ನು ಅಂಗಿಯ ಹಾಗೆ ತೊಟ್ಟುಕೊಂಡು ಕೂತಿದ್ದ. ಮೇಡಂ ತಲೆದೂಗಿದರು. ಆ ಕ್ಷಣದವರೆಗೂ ನಾನು ಹೌದು ಅನ್ನುವವಳೇ ಇದ್ದೆ. ನಿಜ.

ಆಮೇಲೆ ನನ್ನ ಕಡೆ ತಿರುಗಿ ಅವನ ಭಾಗ ತೆರೆದರು. “ಚೆನ್ನಾಗಿ ಬರೆದಿದ್ದಾರೆ. ನಿಮ್ಮಲ್ಲಿ ಇದು ನಿಜವಾಗ್ಲೂ ಹೀಗೇ ನಡೀತಿದೆಯಾ?”

ಡೆಸ್ಕಿನ ಕೆಳಗೆ ಅವನ ಬೂಟು ನನ್ನ ಚಪ್ಪಲಿ ಒತ್ತಿತು.

“ಇಲ್ಲ ಮೇಡಂ. ಇದರಲ್ಲಿ ಬರೋ ಹಿರಿಯ ಕೆಲಸಗಾರ್ತಿ ನಾನೇ. ಆರಂಭದಿಂದ ನನಗೆ ಸಿಕ್ಕ ಅನುಕೂಲ ಏನು ಅಂತ ನಿಮ್ಮ ಹಾಜರಿ ಪುಸ್ತಕದಲ್ಲಿದೆ. ಬರೆದಿರೋದು ತುಂಬ ಚೆನ್ನಾಗಿದೆ. ಒಂದು ದಿನವೂ ನಡೆದಿಲ್ಲ.”

ದನಿ ಏರಲಿಲ್ಲ. ಏರಿಸಬೇಕಿತ್ತು, ಆಗಲಿಲ್ಲ. ಅವನು ಏಳಲು ಹೋದ. ಬೆಂಚು ಮತ್ತೆ ಹಿಡಿದುಕೊಂಡಿತು. ಯಾರೂ ನಗಲಿಲ್ಲ. ಕೂತೇ ಏನೇನೋ ತೊದಲಿದ: ಇದು ಯೋಜನೆ ಮೇಡಂ, ಮುಂದೆ ಜಾರಿಗೆ ತರೋದು ಮೇಡಂ.

ಮೇಡಂ ಪುಸ್ತಕ ಮುಚ್ಚಿದರು. ಇಬ್ಬರಿಗೂ ಮಾರ್ಕ್ಸ್ ಇಲ್ಲ ಅಂದರು. ಆಮೇಲೆ ಅವನನ್ನೇ ನೋಡುತ್ತ ಹೇಳಿದರು: “ಜಾರಿಗೆ ತರೋದು ಅಂದ್ರಲ್ಲ, ತನ್ನಿ. ನೀವೇ ಬರೆದ ನಿಯಮ. ಒಂದು ತಿಂಗಳ ಚಾರ್ಟು ಇವರು ಹಾಕ್ತಾರೆ, ನೀವು ಸಹಿ ಮಾಡ್ತೀರಿ. ನಡೆಸಿ. ಜನವರಿಯಲ್ಲಿ ಮತ್ತೆ ವೈವಾ. ಈ ಸಲ ನಿಮ್ಮ ಲಾಂಡ್ರಿಗೆ ನಾನೇ ಬಂದು ನೋಡ್ತೀನಿ.”

ಗೇಟಿನ ಹತ್ತಿರ ಅವನಿಗೆ ಬಹುವಚನ ಮರೆತುಹೋಗಿತ್ತು. “ನಿನ್ನ ಕೈಯಾರೆ ನಿನ್ನ ಡಿಪ್ಲೊಮಾ ಹಾಳ್ಮಾಡ್ಕೊಂಡೆಯಲ್ಲ.”

“ಹಾಳಾಗಿಲ್ಲ ಕಣಪ್ಪ. ಒಗೆಯಕ್ಕೆ ಹೋಗಿದೆ.”

ನವೆಂಬರ್ 19, ಬುಧವಾರ

ಯಜಮಾನರು ಮೂರು ದಿನ ಮಾತು ಬಿಟ್ಟಿದ್ದರು. ಇವತ್ತು ಸ್ಕೇಲು ತಂದುಕೊಟ್ಟರು. ಗೆರೆ ನೇರ ಇರಲಿ ಅಂದರು. ಅದೇ ರಾಜಿ.

ಮಧ್ಯಾಹ್ನ ಶಿಫ್ಟು ಬದಲಾಗುವ ಹೊತ್ತಿಗೆ ಇಸ್ತ್ರಿ ಬಂದಿದ್ದ, ಕೊಳೆ ಕಡೆಯ ಬಾಗಿಲವರೆಗೆ. ಒಳಗೆ ಬರಲಿಲ್ಲ. ಹೊರಗಿನಿಂದಲೇ: ಅಕ್ಕಾ, ಸೂಪರ್‌ವೈಸರ್ ಹೆಸರೊಂದನ್ನ ಚಾರ್ಟಲ್ಲಿ ಬಿಟ್ಟು ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ. ಸಹಿ ಮಾಡದೆ ಅವನಿಗೂ ದಾರಿಯಿಲ್ಲ, ಹುದ್ದೆ ಅದರ ಮೇಲೆ ನಿಂತಿದೆ. ಮೂಟೆಯಿಂದ ತಲೆ ಎತ್ತದೆ ಹೇಳಿದೆ, ಅವನದೇ ಧಾಟಿಯಲ್ಲಿ: ಸಂಜೆ ಹೊತ್ತು ಒಬ್ಬರು ಗಟ್ಟಿಗರು ಬೇಕು ತಮ್ಮಾ, ನಿನ್ನನ್ನ ನಂಬಿಕೊಂಡಿದ್ದೇನೆ. ಹಿಂದೆ ಹುಡುಗಿ ಕಿಸಕ್ಕೆಂದಳು. ಆಗಸ್ಟಿನಿಂದ ಈಚೆಗೆ ಅವಳು ನನ್ನ ಮಾತಿಗೆ ನಕ್ಕದ್ದು ಇದೇ ಮೊದಲು.

ಜನವರಿವರೆಗೆ ನಾನೂ ಗೋಡೆಯ ಈ ಕಡೆಯೇ. ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ — ಚಾರ್ಟು ಮುಗಿಯುವ ತನಕ.

ಗೆರೆ ಹಾಕಿದೆ. ಹುಡುಗಿಗೆ ಫಸ್ಟ್ ಶಿಫ್ಟು. ಬರೆದಾಯಿತು. ಎಲ್ಲರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿದ್ದೇನೆ, ಬದಲಿಸಲು ಅನುಕೂಲ. ಒಂದು ಹೆಸರು ಮಾತ್ರ ಪೆನ್ನಿನಲ್ಲಿ.

ಸೋಮವಾರ. ಕೊಳೆ ಕಡೆ. ಸೆಕೆಂಡ್ ಶಿಫ್ಟು —