ಅತ್ತಿಗೆ ಕೇಳಿದ ಒಂದೇ ಪ್ರಶ್ನೆ

ಮಂಗಳವಾರ, ಊಟದ ಬಿಡುವು
ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಅತ್ತಿಗೆ,

ನಿಮ್ಮ ಬೆರಳುಗಳು ಹೇಗಿವೆ ಎಂದು ಮೊದಲು ಕೇಳುತ್ತೇನೆ. ಪತ್ರದಲ್ಲಿ ನಿಮ್ಮ ಅಕ್ಷರ ನೇರವಾಗಿತ್ತು. ಹಾಗಾದರೆ ಬೆಳಗ್ಗೆ ಬರೆದದ್ದಲ್ಲ, ಸಂಜೆ ಬರೆದದ್ದು ಅಂದುಕೊಂಡೆ. ನೋಡಿ, ಹುಟ್ಟುಗುಣ ಹೋಗಿಲ್ಲ. ಏನು ಬರೆದಿದ್ದೀರಿ ಎಂದು ಓದುವ ಮೊದಲೇ ಹೇಗೆ ಬರೆದಿದ್ದೀರಿ ಎಂದು ತಪಾಸಣೆ ಮಾಡಿದೆ.

ಪತ್ರ ಗುರುವಾರ ಬಂತು. ಅರ್ಧ ಪುಟ, ಅದರಲ್ಲಿ ಒಂದೇ ಪ್ರಶ್ನೆ. ನಾಲ್ಕು ತಿಂಗಳು ನನ್ನ ಮೇಲೆ ಕಣ್ಣಿಟ್ಟು ಬರೆದೆಯಲ್ಲ, ಅದರಲ್ಲಿ ಒಂದು ದಿನವಾದರೂ ನನ್ನ ನೋವು ನಿಜ ಎಂದು ನಿನಗೆ ಅನ್ನಿಸಿತ್ತೇ ಎಂದು ಕೇಳಿದ್ದೀರಿ. ನಿನ್ನ ಉತ್ತರ ನೋಡಿ ಆ ಮನೆಗೆ ಮರಳುವುದೋ ಬೇಡವೋ ತೀರ್ಮಾನಿಸುತ್ತೇನೆ ಎಂದೂ ಬರೆದಿದ್ದೀರಿ. ಐದು ದಿನ ಆ ಕಾಗದವನ್ನು ಜೊತೆಯಲ್ಲೇ ಇಟ್ಟುಕೊಂಡು ತಿರುಗಿದೆ. ಇದರ ಹಿಂದೆ ಯಾರಾದರೂ ಇದ್ದಾರೆಯೇ, ನನ್ನ ಉತ್ತರವನ್ನು ಅಣ್ಣನಿಗೆ ತೋರಿಸುತ್ತೀರೋ, ವಕೀಲರಿಗೆ ತೋರಿಸುತ್ತೀರೋ ಎಂದೆಲ್ಲ ಲೆಕ್ಕ ಹಾಕಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ಹೇಳುವುದಿದೆ.

ನನ್ನ ಕೆಲಸ ನಿಮಗೆ ಗೊತ್ತು. ಗಿರಾಕಿಗಳು ತಂದ ಬಟ್ಟೆಯನ್ನು ಯಂತ್ರಕ್ಕೆ ಹಾಕುವ ಮೊದಲು ದೀಪದ ಕೆಳಗೆ ಹರಡಿ, ಒಂದೊಂದು ಕಲೆಯನ್ನೂ ಹುಡುಕಿ, ಅಲ್ಲಿ ಬಿಳಿ ದಾರದ ಗುರುತು ಹಾಕಿ, ಪುಸ್ತಕದಲ್ಲಿ ಬರೆಯಬೇಕು. ಇಲ್ಲದಿದ್ದರೆ ನಾಳೆ ಆ ಕಲೆ ನಾವೇ ಮಾಡಿದ್ದು ಎಂದು ಜಗಳಕ್ಕೆ ಬರುತ್ತಾರೆ. ಬಟ್ಟೆ ಕೊಡುವಾಗ ಎಲ್ಲರೂ ಒಳ್ಳೆಯವರೇ, ವಾಪಸು ತೆಗೆದುಕೊಳ್ಳುವಾಗ ನೋಡು ಎಂದು ಯಜಮಾನರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಆರು ವರ್ಷದಿಂದ ನಾನು ಮಾಡುತ್ತಿರುವುದು ಅದೊಂದೇ. ನನಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದು ಅಂಗಡಿಯವರು, ಆದರೆ ಆ ಹೆಸರನ್ನು ಪ್ರೀತಿಯಿಂದ ಕರೆದವರು ನೀವೊಬ್ಬರೇ.

ನೀವು ನಮ್ಮ ಮನೆಗೆ ಬಂದ ಎರಡನೆಯ ವರ್ಷ ಮಹಡಿಗೆ ಹೋಗಿ ಬಟ್ಟೆ ಒಣಹಾಕುವುದನ್ನು ಬಿಟ್ಟಿರಿ. ಬಿಸಿಲು ಇಳಿಯಲಿ, ಆಮೇಲೆ ಹಾಕುತ್ತೇನೆ ಎನ್ನುತ್ತಿದ್ದಿರಿ. ಒಗೆಯುವ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಬಿಸಿಲಿಗೆ ಹೆದರುವ ಹೆಂಗಸು ಎಂದರೆ ಸಂಶಯ ಬಾರದೆ ಇರುತ್ತದೆಯೇ? ಬೆಳಗ್ಗೆ ಒದ್ದೆ ಟವೆಲ್ ಹಿಂಡಲು ಕೈ ಬರುವುದಿಲ್ಲ ಎನ್ನುವವರು, ಸಂಜೆ ಅಣ್ಣ ಬರುವ ಹೊತ್ತಿಗೆ ತರಕಾರಿಯನ್ನು ಚಕಚಕನೆ ಹೆಚ್ಚುತ್ತಿದ್ದಿರಿ. ಮಧ್ಯಾಹ್ನವೆಲ್ಲ ಮಲಗುತ್ತಿದ್ದಿರಿ. ಬಾಯಿ ಹುಣ್ಣು, ಖಾರ ಬೇಡ ಎಂದಿರಿ. ತನ್ನ ಅಡುಗೆಗೆ ಹೆಸರಿಟ್ಟರು ಎಂದು ಅಮ್ಮ ವಾರಗಟ್ಟಲೆ ಮುಖ ಊದಿಸಿಕೊಂಡಳು.

ಕೆನ್ನೆಯ ಕೆಂಪಿನ ವಿಷಯ ಇವತ್ತು ಹೇಳಿಬಿಡುತ್ತೇನೆ. ಎರಡು ಕೆನ್ನೆ, ಮಧ್ಯೆ ಮೂಗಿನ ಮೇಲೆ ಒಂದು ಸೇತುವೆ, ಅಳತೆ ಮಾಡಿ ಬಳಿದ ಹಾಗೆ. ಬಣ್ಣ ಹಚ್ಚಿಕೊಳ್ಳುತ್ತೀರಿ ಎಂದೇ ನಂಬಿದ್ದೆ. ಒಂದು ಮಧ್ಯಾಹ್ನ ನೀವು ನಿದ್ದೆಯಲ್ಲಿದ್ದಾಗ ಬಿಳಿ ಬಟ್ಟೆಯ ತುದಿ ಒದ್ದೆ ಮಾಡಿ ನಿಮ್ಮ ಕೆನ್ನೆ ಒರೆಸಿ ನೋಡಿದೆ. ಅಂಗಡಿಯಲ್ಲಿ ಬಟ್ಟೆಯ ಬಣ್ಣ ಬಿಡುತ್ತದೆಯೇ ಎಂದು ನೋಡುವುದು ಹಾಗೆಯೇ. ನಿಮಗೆ ಎಚ್ಚರವಾಯಿತು, ನೊಣ ಕೂತಿತ್ತು ಎಂದೆ. ಬಟ್ಟೆಗೆ ಏನೂ ಹತ್ತಿರಲಿಲ್ಲ. ನಿಮ್ಮ ಬಗ್ಗೆ ಬರೆಯಲೆಂದೇ ಮನೆಯಲ್ಲೂ ಒಂದು ಪುಸ್ತಕ ಇಟ್ಟಿದ್ದೆನಲ್ಲ, ಅವತ್ತು ಅದರಲ್ಲಿ ಬರೆದದ್ದು ಇಷ್ಟು: ಒರೆಸಿದರೂ ಹೋಗುವುದಿಲ್ಲ, ಒಳ್ಳೆಯ ಕಂಪನಿಯ ಬಣ್ಣ ಇರಬೇಕು.

ಮೂವರು ಡಾಕ್ಟರು ನೋಡಿದ್ದರು. ಒಬ್ಬರು ಚರ್ಮಕ್ಕೆ ಮುಲಾಮು ಕೊಟ್ಟರು, ಇನ್ನೊಬ್ಬರು ಕೀಲಿಗೆ ಮಾತ್ರೆ ಕೊಟ್ಟರು. ಮೂರನೆಯವರು ಇದು ಮನಸ್ಸಿನದು, ಸ್ವಲ್ಪ ಗಾಳಿ ಬಿಸಿಲಿಗೆ ಓಡಾಡಲಿ ಎಂದರು. ಅಮ್ಮ ನಂಬಿದ್ದು ಮೂರನೆಯವರನ್ನು. ನಿಮ್ಮನ್ನು ಮಹಡಿಗೆ ಕಳಿಸಿದಳು. ನನ್ನ ಪುಸ್ತಕದಲ್ಲಿ ಅದೂ ಇದೆ. ಭಾನುವಾರ ಬಿಸಿಲಲ್ಲಿ ಒಂದು ಗಂಟೆ. ಸೋಮವಾರ ಮುಖ ಕೆಂಪು. ಮಂಗಳವಾರ ಜ್ವರ, ಬೆರಳು ಬಾವು. ನಾಟಕ.

ನಾಟಕ. ಎಷ್ಟೋ ದಿನಗಳ ಕೊನೆಗೆ ಆ ಪದ ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಪುಸ್ತಕವನ್ನು ಅಣ್ಣನ ಕೈಗೆ ಕೊಟ್ಟಿದ್ದು ನಾನೇ. ಅವನು ಊಟದ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು, ನಿಮ್ಮನ್ನು ಕರೆದು, ಇದೆಲ್ಲ ನಿಜವೇ ಎಂದು ಕೇಳಿದ. ನೀವು ನಿಂತಲ್ಲೇ ಹಾಳೆಗಳನ್ನು ತಿರುವಿದಿರಿ. ನನಗೆ ಗೊತ್ತಿರುವ ಯಾವ ಗಿರಾಕಿಯೂ ಅಷ್ಟು ನಿಧಾನವಾಗಿ ನನ್ನ ಬರಹ ಓದಿಲ್ಲ.

“ಎಲ್ಲಾ ನಿಜ. ಒಂದು ಪದ ಬಿಟ್ಟು,” ಅಂದಿರಿ.

ಮರುದಿನ ತವರಿಗೆ ಹೊರಟಿರಿ. ಪುಸ್ತಕವೂ ಕಾಣಲಿಲ್ಲ. ನನ್ನ ಮೇಲೆ ದೂರು ಕೊಡಲು ಸಾಕ್ಷಿ ಒಯ್ದಿದ್ದೀರಿ ಎಂದು ಹದಿನೈದು ದಿನ ಪೊಲೀಸರ ದಾರಿ ಕಾದೆ. ಬಾಗಿಲು ತಟ್ಟಿದಾಗಲೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳಿಯಂತೆ ಬೆಚ್ಚುತ್ತಿದ್ದೆ. ನೀವು ಅದನ್ನು ನಾಲ್ಕನೆಯ ಡಾಕ್ಟರ ಹತ್ತಿರ ಒಯ್ದಿದ್ದೀರಿ ಎಂದು ತಿಳಿದದ್ದು, ಆ ಡಾಕ್ಟರಮ್ಮನೇ ಅಣ್ಣನ ಮೂಲಕ ನನಗೆ ಹೇಳಿಕಳಿಸಿದಾಗ.

ಹೋದ ಶನಿವಾರ ಅಲ್ಲಿಗೆ ಹೋಗಿದ್ದೆ. ರಕ್ತ ತೆಗೆದು ಮಾರಿಕೊಳ್ಳುತ್ತಾರೆ, ಏನಕ್ಕೂ ಸಹಿ ಹಾಕಬೇಡ ಎಂದು ಅಮ್ಮ ಎಚ್ಚರಿಸಿ ಕಳಿಸಿದ್ದಳು. ಆ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಗೋಡೆ ಉದ್ದಕ್ಕೆ ಫ್ರಿಜ್. ಮೇಜಿನ ಮೇಲೆ ನನ್ನ ಪುಸ್ತಕ. ಬೇರೆ ಬೇರೆ ಡಾಕ್ಟರು ತುಂಡು ತುಂಡಾಗಿ ನೋಡಿದ್ದನ್ನು ಈ ಪುಸ್ತಕ ಒಂದೇ ಕಡೆ ತೋರಿಸಿತು, ಬಿಸಿಲು, ಕೆಂಪು, ಜ್ವರ, ಬೆರಳು, ಬಾಯಿ ಹುಣ್ಣು ಎಲ್ಲಾ ತಾರೀಖಿನ ಸಮೇತ ಇದ್ದವು, ಅದನ್ನು ನೋಡಿಯೇ ಲೂಪಸ್ ಇರಬಹುದೆಂದು ರಕ್ತ, ಮೂತ್ರ ಪರೀಕ್ಷೆ ಮಾಡಿಸಿದೆ ಎಂದರು ಡಾಕ್ಟರಮ್ಮ. ಅವರು ಹೊಗಳುತ್ತಿದ್ದಾರೋ ಬೈಯುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಲೂಪಸ್ ಎಂದರೆ ಏನೆಂದು ಕೇಳಿದೆ.

“ಬೇಲಿಯೇ ಎದ್ದು ಹೊಲ ಮೇಯೋದು ಅಂತಾರಲ್ಲ, ಅದೇ,” ಎಂದರು. ಮೈಯನ್ನು ಕಾಯಬೇಕಾದ ಶಕ್ತಿ ಮೈಯ ಮೇಲೆಯೇ ತಿರುಗಿಬೀಳುತ್ತದಂತೆ. ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಅದಕ್ಕೇ ಸುತ್ತಲಿನವರು ನಂಬುವುದಿಲ್ಲವಂತೆ.

ಅವರು ಒಂದು ಸಂಶೋಧನೆ ಮಾಡುತ್ತಿದ್ದಾರೆ. ಈ ಕಾಯಿಲೆ ಮನೆಯೊಳಗೆ ದಿನದಿನಕ್ಕೆ ಹೇಗೆ ಏರಿಳಿಯುತ್ತದೆ, ಅದಕ್ಕೊಂದು ಹೆಸರು ಸಿಗುವವರೆಗೆ ರೋಗಿಗಳನ್ನು ಎಷ್ಟು ದಿನ ಯಾರೂ ನಂಬುವುದಿಲ್ಲ ಎಂದು ತಿಳಿಯಬೇಕಂತೆ. ಅದಕ್ಕೆ ಪುಸ್ತಕ ಬೇಕು. ಹೋಲಿಸಿ ನೋಡಲು ಅದೇ ಮನೆಯಲ್ಲಿರುವ, ರಕ್ತಸಂಬಂಧವಿಲ್ಲದ, ಆರೋಗ್ಯವಾಗಿರುವ ಹೆಂಗಸಿನ ರಕ್ತವೂ ಬೇಕು. ನಾದಿನಿಗೂ ಅತ್ತಿಗೆಗೂ ರಕ್ತ ಹೊಂದದೆ ಇರುವುದು ಮೊದಲ ಬಾರಿ ಉಪಯೋಗಕ್ಕೆ ಬಂತು ನೋಡಿ.

ಸೀಸೆಯ ಮೇಲೆ ಯಾರ ಹೆಸರು, ಬೀಗ ಯಾರ ಕೈಯಲ್ಲಿ, ಉಳಿದ ರಕ್ತ ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದೇ ಕೇಳಿದೆ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ, ಆದರೆ ಬಿಡಲಿಲ್ಲ. ಹೆಸರಿಲ್ಲ, ಬರೀ ಸಂಖ್ಯೆ ಎಂದು ಸೀಸೆಯನ್ನು ತೋರಿಸಿದರು. ಕೊನೆಗೆ ಇದರಿಂದ ನಮ್ಮ ಅತ್ತಿಗೆಗೆ ವಾಸಿಯಾಗುತ್ತದೆಯೇ ಎಂದೆ.

“ಆಗುತ್ತೆ ಅಂತ ನಾನು ಹೇಳಲ್ಲಮ್ಮ. ಔಷಧಿಯಿಂದ ಹಿಡಿತಕ್ಕೆ ಬರುತ್ತೆ. ಈ ಸಂಶೋಧನೆ ಉಪಯೋಗಕ್ಕೆ ಬಂದರೂ ಮುಂದೆ ಇನ್ಯಾರಿಗೋ.”

ಅಂಗಡಿಯಲ್ಲಿ ಕಲೆ ಖಂಡಿತ ಹೋಗುತ್ತದೆ ಎನ್ನುವವನನ್ನು ನಂಬಬಾರದು. ಹೋಗದೆಯೂ ಇರಬಹುದು ಎನ್ನುವವನಿಗೆ ಬಟ್ಟೆ ಕೊಡಬಹುದು. ನಾನು ರವಿಕೆಯ ತೋಳು ಮಡಚಿ ಕೈ ಚಾಚಿದೆ.

ಹೊರಡುವಾಗ, ಆ ಒಂದು ಪದವನ್ನು ಎಲ್ಲ ಕಡೆ ಶಾಯಿಯಿಂದ ಅಳಿಸಿ ಕೊಡುತ್ತೇನೆ ಎಂದು ಕೇಳಿಕೊಂಡೆ. ಬೇಡ, ಒಗೆದು ಮಡಚಿ ಕೊಟ್ಟರೆ ನನಗೆ ಪ್ರಯೋಜನವಿಲ್ಲ, ಇದ್ದದ್ದು ಇದ್ದ ಹಾಗೇ ಇರಬೇಕು ಎಂದರು. ನಾಟಕ ಎಂದು ಬರೆದ ದಿನಗಳನ್ನು ಅವರು ಎಣಿಸಿಯೂ ಇಟ್ಟಿದ್ದಾರೆ, ಮೂವತ್ತೊಂದು. ಒಂದು ದಿನವನ್ನು ಮುಚ್ಚಿಟ್ಟರೂ ಉಳಿದ ದಿನಗಳನ್ನು ನಂಬುವುದು ಕಷ್ಟ, ಎಲ್ಲಾ ಹಾಳೆ ಇವೆ ತಾನೇ ಎಂದು ಕೇಳಿದರು. ಇವೆ ಎಂದೆ. ಪುಸ್ತಕ ನಿಮ್ಮ ವಿಷಯದ್ದು, ಹಾಗಾಗಿ ನಿಮ್ಮ ಒಪ್ಪಿಗೆಯ ಸಹಿ ಬೇಕಂತೆ. ಕಾಗದ ಇದರ ಜೊತೆ ಇಟ್ಟಿದ್ದೇನೆ.

ಇನ್ನೊಂದು ಸುದ್ದಿ. ಅವರ ಹತ್ತಿರ ಸಣ್ಣ ಚೀಟಿಗಳಿದ್ದವು. ಮನೆಯಲ್ಲಿ ಯಾರಿಗಾದರೂ ಬಿಸಿಲಿಗೆ ಮುಖ ಕೆಂಪಾಗಿ, ಕೀಲು ನೋವು, ಸುಸ್ತು, ಜ್ವರ ಮತ್ತೆ ಮತ್ತೆ ಬರುತ್ತಿದ್ದರೆ ಸೋಮಾರಿ ಎನ್ನುವ ಮೊದಲು ಡಾಕ್ಟರಿಗೆ ತೋರಿಸಿ ಎಂದು ಬರೆದದ್ದು. ಒಂದು ಕಟ್ಟು ತಂದು, ಇಸ್ತ್ರಿಯಾದ ಬಟ್ಟೆಯ ಕವರಿಗೆ ಒಂದೊಂದು ಚುಚ್ಚಿದೆ. ಯಜಮಾನರು ಹೌಹಾರಿದರು. “ಬಟ್ಟೆ ಒಗೆಯೋ ಅಂಗಡೀಲಿ ರೋಗದ ಚೀಟಿನಾ? ಗಿರಾಕಿಗಳು ಕಾಲ್ಕೀಳ್ತಾರೆ.” ಇದು ಅಂಟುರೋಗವಲ್ಲ ಎಂದು ಪ್ರತಿ ಚೀಟಿಯ ಮೇಲೂ ನನ್ನ ಕೈಯಲ್ಲಿ ಬರೆಸಿದ ಮೇಲೆ ಒಪ್ಪಿದರು. ನಿನ್ನೆ ಶಾಲೆಯ ಟೀಚರೊಬ್ಬರು ಕವರ್ ಹಿಡಿದುಕೊಂಡು ವಾಪಸು ಬಂದರು. ಕಲೆ ಹೋಗಿಲ್ಲ ಎಂದು ಜಗಳಕ್ಕೇ ಬಂದಿದ್ದಾರೆಂದು ನಾನು ಅಂಗಡಿಯ ಪುಸ್ತಕ ತೆರೆದು ಸಿದ್ಧಳಾಗಿದ್ದೆ. ಅವರು ತಂಗಿಗೆ ಕಳಿಸಲು ಇನ್ನೆರಡು ಚೀಟಿ ಕೇಳಿದರು.

ಅಮ್ಮ ನಿಮ್ಮ ಕೋಣೆಯ ಕಿಟಕಿಗೆ ದಪ್ಪ ಪರದೆ ಹೊಲಿದು ಹಾಕಿದ್ದಾಳೆ. ಕೇಳಿದರೆ ಸೊಳ್ಳೆಗೆ ಎನ್ನುತ್ತಾಳೆ. ಅಣ್ಣ ರಜೆಯ ದಿನ ನಿಮ್ಮಲ್ಲಿಗೆ ಬರಲು ಒಂದು ಗಂಟೆ ಮೊದಲೇ ನಿಲ್ದಾಣದಲ್ಲಿ ನಿಲ್ಲುತ್ತಾನೆ. ಬಸ್ಸು ಓಡಿಸುವವನೇ ಬಸ್ಸಿಗೆ ಕಾಯುತ್ತಾನೆಂದು ಅವನ ಕಂಡಕ್ಟರ್ ನಗುತ್ತಾನಂತೆ.

ಈಗ ಉತ್ತರ. ಇಲ್ಲ ಅತ್ತಿಗೆ, ಒಂದು ದಿನವೂ ಅನ್ನಿಸಿರಲಿಲ್ಲ. ಇಂಥ ಕಾಯಿಲೆ ಇದೆ ಎಂದೇ ನನಗೆ ತಿಳಿದಿರಲಿಲ್ಲ. ತಿಳಿಯದೆ ಮಾಡಿದ ತಪ್ಪು, ಹೊಟ್ಟೆಗೆ ಹಾಕಿಕೊಳ್ಳಿ. ಬೇಗ ಬನ್ನಿ.

ನಿಮ್ಮ ದಾರಿ ಕಾಯುವ
ಭೂತಗನ್ನಡಿ

ತಾ.ಕ. ಬುಧವಾರ ಬೆಳಗ್ಗೆ. ಲಕೋಟೆ ಅಂಟಿಸಲು ಕೈ ಬರಲಿಲ್ಲ. ಮೇಲಿನ ಉತ್ತರ ಸುಳ್ಳು. ಬಾಯ್ಲರ್ ಕೆಟ್ಟು ಅಂಗಡಿಗೆ ರಜೆ ಕೊಟ್ಟ ದಿನ ನಾನು ಹತ್ತು ಗಂಟೆಗೇ ಹಿಂಬಾಗಿಲಿನಿಂದ ಬಂದೆ. ಅಡುಗೆಮನೆಯಲ್ಲಿ ನೀವೊಬ್ಬರೇ ಇದ್ದಿರಿ. ಮಾತ್ರೆಯ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಿರಿ. ಬೆರಳಿನಿಂದ ಆಗಲಿಲ್ಲ, ಮಣಿಕಟ್ಟಿನಿಂದ ಆಗಲಿಲ್ಲ, ಮೊಣಕಾಲ ಮಧ್ಯೆ ಇಟ್ಟು ಹಲ್ಲಿನಿಂದ ಕಚ್ಚಿದಿರಿ. ಆಮೇಲೆ ಡಬ್ಬಿಯನ್ನು ಕೆಳಗಿಟ್ಟು “ಆಯ್ತಪ್ಪ, ನೀನೇ ಗೆದ್ದೆ” ಎಂದು ಅದಕ್ಕೇ ಹೇಳಿ ನಕ್ಕಿರಿ. ನೋಡುವವರು ಯಾರೂ ಇಲ್ಲದಾಗ ಯಾರೂ ನಾಟಕ ಆಡುವುದಿಲ್ಲ. ಅವತ್ತೇ ನನಗೆ ತಿಳಿಯಿತು. ಸದ್ದಿಲ್ಲದೆ ಹೊರಗೆ ಹೋಗಿ, ಮುಂಬಾಗಿಲಿನ ಗೇಟು ಸದ್ದು ಮಾಡಿ ಬಂದೆ. ಇದೊಂದು ಬಿಚ್ಚಿಕೊಡು ಎಂದಿರಿ. ಒಂದೇ ತಿರುವಿಗೆ ಬಿಚ್ಚಿ, ಇಷ್ಟಕ್ಕೂ ಆಳು ಬೇಕಾ ಎಂದೆ. ಕಂಡದ್ದನ್ನೆಲ್ಲ ಬರೆದೂ ಇಟ್ಟೆ. ಆದರೆ ನೀವು ನಿಜವಾದರೆ ನಾನು ಏನಾಗುತ್ತೇನೆ ಎಂದು ಹೆದರಿ, ಪುಸ್ತಕವನ್ನು ಅಣ್ಣನಿಗೆ ಕೊಡುವ ಮೊದಲು ಆ ಹಾಳೆ ಹರಿದುಕೊಂಡೆ. ಅದು ಇದರ ಜೊತೆಗಿದೆ. ಸಹಿ ಹಾಕಿದರೆ ಆ ಕಾಗದದ ಜೊತೆ ಇದನ್ನೂ ಡಾಕ್ಟರಮ್ಮನಿಗೆ ಕಳಿಸಿ, ಪುಸ್ತಕಕ್ಕೆ ಸೇರಿಸಿಕೊಳ್ಳಲಿ. ನೀವು ಬನ್ನಿ, ಬಿಡಿ, ಅದು ನಿಮ್ಮ ಇಷ್ಟ. ಅಣ್ಣನಿಗೆ ಈ ಹಾಳೆಯ ವಿಷಯ ಇವತ್ತು ಸಂಜೆ ನಾನೇ ಹೇಳುತ್ತೇನೆ.